ಹಲಸಿನ ಪೆಡ್ಲು

ನಾನೊಂದು ಸೈಕಲ್ಲು ಕಣ್ರಪ್ಪಾ. ಕರೀ ಬಣ್ಣ, ಮಧ್ಯಕ್ಕೆ ಬಾರ್ ಇರೋ ಗಂಡಸರ ಸೈಕಲ್ಲು. ಹುಟ್ಟಿದ್ದು ಎಲ್ಲೋ ಉತ್ತರದ ಕಡೆ ಫ್ಯಾಕ್ಟ್ರೀಲಿ. ಆವತ್ತೊಂದೇ ದಿನ ಸಾವಿರ ಸೈಕಲ್ಲು ಹುಟ್ಟಿದ್ವು. ಅದ್ರಲ್ಲಿ ಬೆಲ್ಲು ಬಾರಿಸ್ಕೊಂಡೇ ಆಚೆ ಬಂದದ್ದು ನಾನೊಬ್ಬನೇ. ನಂಬಿದ್ರೆ ನಂಬಿ, ಬಿಟ್ರೆ ಬಿಡಿ.

ರೈಲಲ್ಲಿ ಮೈಸೂರಿಗೆ ಬಂದು ಒಂದು ಅಂಗಡೀಲಿ ತಲೆಕೆಳಗಾಗಿ ನೇತಾಡ್ತಿದ್ದೆ. ಅಲ್ಲಿಗೆ ಬಂದ ಮಾಯಿಗಯ್ಯ. ಎತ್ತು ಕೊಳ್ಳೋರ ಥರ ನನ್ನ ಸುತ್ತ ಎರಡು ಸುತ್ತು ಬಂದ. ಸೀಟು ತಟ್ಟಿದ, ಚೈನು ಮುಟ್ಟಿ ನೋಡ್ದ. "ಇದು ಒದೆಯಲ್ಲ ತಾನೆ?" ಅಂತ ಅಂಗಡಿಯವರ್ನ ಕೇಳ್ದ.

"ಅನ್ನ ಕೇಳಲ್ಲ, ಒದೆಯಲ್ಲ. ತಗೊಂಡ್ ಹೋಗಪ್ಪ," ಅಂದ್ರು ಅವರು.

ಮಾಯಿಗಯ್ಯ ಕಾವೇರಿ ಹೊಳೆ ಪಕ್ಕದ ಮರಳುಕೊಪ್ಪಲಿನ ನೀರುಗಂಟಿ. ನಾಲೆ ತೂಬು ಎತ್ತೋದು, ಇಳಿಸೋದು, ಯಾರ ಗದ್ದೆಗೆ ಯಾವಾಗ ನೀರು ಅಂತ ನೋಡೋದು ಅವನ ಕೆಲಸ. ದಿನಾ ಬೆಳಗ್ಗೆ ನಾಲೆ ಏರಿ ಮೇಲೆ ನಮ್ಮಿಬ್ಬರ ಸವಾರಿ. ಆಗ ನಾನು ಓಡ್ತಿದ್ದ ಸ್ಪೀಡು ಏನಂತೀರಿ! ನನ್ನ ನೆರಳು ನನ್ನ ಜೊತೆ ಓಡೋಕಾಗ್ದೆ ಹಿಂದೆ ಬಿದ್ದು, ಮಾರನೇ ದಿನ ಬಸ್ಸು ಹತ್ಕೊಂಡು ಮನೆಗೆ ಬರ್ತಿತ್ತು.

ಮಾಯಿಗಯ್ಯನಿಗೆ ಇಬ್ಬರು ಮಕ್ಕಳು. ದೊಡ್ಡೋನು ಚಲುವ. ಚಿಕ್ಕೋಳು ಜಯಶೀಲ. ಕೂಸಾಗಿದ್ದಾಗ ಬಂದ ಜ್ವರದಿಂದ ಅವಳ ಎಡಗಾಲು ನಾಕು ಬೆರಳಷ್ಟು ಗಿಡ್ಡ ಆಗೋಗಿತ್ತು. ಹೈಸ್ಕೂಲು ಇದ್ದದ್ದು ಏಳು ಕಿಲೋಮೀಟರು ಆಚೆ. ಏರಿ ದಾರೀಲಿ ಬಸ್ಸಿಲ್ಲ. ನನ್ನ ಮೇಲೆ ಹತ್ತಿಸಿದ್ರೆ ಬಲಗಾಲು ಪೆಡ್ಲಿಗೆ ಸಿಕ್ತಿತ್ತು, ಎಡಗಾಲು ಗಾಳೀಲಿ ಹುಡುಕ್ತಾ ಇರ್ತಿತ್ತು.

ಒಂದು ಭಾನುವಾರ ಮಾಯಿಗಯ್ಯ ಒಂದು ಹಲಸಿನ ಮರದ ತುಂಡು ತಂದ. ಕೆತ್ತಿದ, ಉಜ್ಜಿದ, ನನ್ನ ಎಡಗಡೆ ಪೆಡ್ಲಿನ ಮೇಲೆ ಇಟ್ಟು ಎರಡು ಬೋಲ್ಟು ಬಿಗಿದ. "ಕಾಲು ನಾಕು ಬೆರಳು ಗಿಡ್ಡ, ಮರ ನಾಕು ಬೆರಳು ದಪ್ಪ. ಲೆಕ್ಕ ಸರಿಹೋಯ್ತಲ್ಲ ಮಗಾ?" ಅಂದ.

ಸರಿಹೋಯ್ತು. ನೆಲದ ಮೇಲೆ ಕುಂಟ್ತಿದ್ದೋಳು ನನ್ನ ಮೇಲೆ ಕುಂಟ್ತಿರ್ಲಿಲ್ಲ. ಮೊದಲನೇ ದಿನ ಊರ ಕೊನೆ ಅಳ್ಳೀಮರದ ತನಕ ಹೋಗಿ ಬಂದು, ಇಳಿಯೋಕೇ ಒಪ್ಪಲಿಲ್ಲ. ಅನ್ನ ಕೂಡ ಸೀಟಿನ ಮೇಲೇ ತಿಂದ್ಳು.

ಅವಳ ಸ್ಕೂಲಿಗೆ ಮುಂಚೆ ತೂಬಿಗೆ ಹೋಗಿ ಬರೋ ಅಪ್ಪನ ಗತಿ ಕೇಳ್ಬೇಡಿ. ಆ ಮರದ ಮೇಲೆ ಕಾಲಿಟ್ಟು ತುಳಿದ್ರೆ ಅವನ ಎಡಮಂಡಿ ಗದ್ದಕ್ಕೆ ಬಡೀತಿತ್ತು. ಗದ್ದೇಲಿದ್ದೋರು ನಕ್ಕಿದ್ದೇ ನಕ್ಕಿದ್ದು. "ಏನ್ ಮಾಯಿಗಣ್ಣಾ, ಮೆಟ್ಲು ಹತ್ತಿದಂಗೆ ಹೋಯ್ತಾ ಇದ್ದೀಯಲ್ಲ, ಎಲ್ಲಿಗೆ?"

"ಸ್ವರ್ಗಕ್ಕೆ ಕಣ್ಲಾ. ಬತ್ತೀಯಾ?"

ಬಿಚ್ಚಿಟ್ಟು ತುಳಿಯಬಹುದಿತ್ತು. ಬಿಚ್ಚಲಿಲ್ಲ. ಒಂದು ಸಲ ಬಿಚ್ಚಿದ್ರೆ ಬೋಲ್ಟು ಸಡಿಲ ಆಗಿ ಮಗಳು ಬಿದ್ದಾಳು ಅಂತ ಅವನ ಭಯ.

ಅವಳು ಹತ್ತನೇ ಕ್ಲಾಸಿಗೆ ಬಂದ ವರ್ಷ ಒಂದು ಭಾನುವಾರ ಬೆಳಗ್ಗೆ ಮಾಯಿಗಯ್ಯ ತೂಬು ಎತ್ತಿ ಬಂದು ನನ್ನ ಮೇಲೆ ಕೂತ. ಒಂದು ಕಾಲು ಏರಿ ಮೇಲೆ, ಭುಜ ಹೊಂಗೇಮರಕ್ಕೆ. ಬೀಡಿ ಹಚ್ಚೋಕೆ ಅಂತ ಕೈ ಜೇಬಿಗೆ ಹೋಯ್ತು, ಆಚೆ ಬರ್ಲಿಲ್ಲ. ಹಂಗೇ ಕೂತಂಗೇ ಹೊರಟೋದ. ಮಧ್ಯಾಹ್ನ ಯಾರೋ ನೋಡೋ ತನಕ ನಾನು ಬೀಳ್ದೆ ಅವನ್ನ ಹೊತ್ಕೊಂಡು ನಿಂತಿದ್ದೆ. ಇದುವರೆಗೂ ಏನೇನೋ ರೈಲು ಬಿಟ್ಟಿದ್ದೀನಿ, ಇದು ಮಾತ್ರ ಸುಳ್ಳಲ್ಲ.

ಬೂದಿ ಬಿಡೋ ದಿನ ಆ ಮಕ್ಕಳ ದೊಡ್ಡಪ್ಪ ಬಂದು ಹೇಳ್ದ: "ಸತ್ತೋನ ಹಾಸ್ಗೆ, ಚಪ್ಲಿ ಹೊಳೆ ದಂಡೇಲಿ ಬಿಟ್ಟು ತಿರುಗಿ ನೋಡ್ದೆ ಬರೋದು ನಮ್ಮ ಪದ್ಧತಿ. ಇವನು ಸೈಕಲ್ಲಿನ ಮೇಲೇ ಪ್ರಾಣ ಬಿಟ್ಟವ್ನೆ. ಅದನ್ನೂ ಬಿಡಿ. ಇಲ್ದಿದ್ರೆ ಅದನ್ನ ಹುಡ್ಕೊಂಡು ಮನೆಗೆ ಬತ್ತಾನೆ."

ಜಯಶೀಲ ನನ್ನ ಕ್ಯಾರಿಯರ್ ಗಟ್ಟಿಯಾಗಿ ಹಿಡ್ಕೊಂಡ್ಳು. "ದೊಡ್ಡಪ್ಪಾ, ಇದು ಅಪ್ಪಂದಲ್ಲ, ನಂದು. ಅಪ್ಪ ಅದರ ಮೇಲೆ ಕೂತ್ಕೋತಿತ್ತು ಅಷ್ಟೆ."

"ಸಂಕಟಕ್ಕೆ ಏನೋ ಅಂತಾಳೆ, ಬಿಡಿಸ್ರೋ ಕೈ," ಅಂದ ದೊಡ್ಡಪ್ಪ. ಬಿಡಿಸಿದೋನು ಅವಳಣ್ಣ ಚಲುವ. ಹೆಂಗಸರು ಹೊಳೆಗೆ ಹೋಗಂಗಿಲ್ಲ, ಅವಳು ಬೇಲಿ ತನಕ ಬಂದು ನಿಂತ್ಳು. ನನ್ನ ಹೊಳೆದಂಡೆ ಕಲ್ಲಿಗೆ ಒರಗಿಸಿ, ಅವರು ಹಿಂದೆ ನೋಡ್ದೆ ಹೊರಟೋದ್ರು. ಅಲ್ಲಿಗೆ ಅವಳ ಸ್ಕೂಲೂ ಮುಗೀತು.

ಎರಡು ದಿನ ಒಂಟಿ ನಿಂತಿದ್ದೆ. ಮೂರನೇ ದಿನ ಪಾಪಣ್ಣ ಬಂದ. ಹೊಳೆ ಪಕ್ಕದ ಪಾರ್ಕಿನ ಗೇಟಲ್ಲಿ ಸೈಕಲ್ ಬಾಡಿಗೆಗೆ ಕೊಡೋನು. ಅವನ ಹತ್ರ ಇದ್ದ ಹನ್ನೆರಡು ಸೈಕಲ್ಲಲ್ಲಿ ಐದು ನನ್ನ ಥರದವೇ, ದಂಡೇಲಿ ಬಿಟ್ಟೋದವು. ಈ ಗುಟ್ಟು ಅವನು ಯಾರಿಗೂ ಹೇಳ್ತಿರ್ಲಿಲ್ಲ.

ಶನಿವಾರ ಭಾನುವಾರ ಪಟ್ಟಣದಿಂದ ಜನ ಬರೋರು. ತಲೆಗೆ ಟೋಪಿ, ಕಣ್ಣಿಗೆ ಕರೀ ಕನ್ನಡಕ, ಬೆನ್ನಲ್ಲಿ ನೀರಿನ ಚೀಲ. ಪಾಪಣ್ಣನ ಸುತ್ತು ಮೂವತ್ತು ಕಿಲೋಮೀಟರಿಂದು. ಪಾರ್ಕಿಂದ ಹೊರಟು ನಾಲೆ ಏರಿ, ಕಬ್ಬಿನ ಗದ್ದೆ, ಆಲೆಮನೆ, ಆಮೇಲೆ ಸೈಟು ಕಲ್ಲು ನೆಟ್ಟಿರೋ ಬಯಲು, ಹಳೇ ಕಲ್ಲಿನ ಸೇತುವೆ, ಆ ಕಡೆ ದಂಡೆಯ ಇನ್ನೊಂದು ಪಾರ್ಕು, ಅಲ್ಲಿ ಎಳನೀರು, ತಿರುಗಿ ವಾಪಸ್ಸು. ದಾರೀಲಿ ಮಾಯಿಗಯ್ಯನ ತೂಬೂ ಸಿಗ್ತಿತ್ತು. ಅಲ್ಲಿ ನನ್ನ ಚೈನು ಕಳಚ್ಕೋತಿತ್ತು. ಪ್ರತಿ ಸಲಾನೂ. ಪಾಪಣ್ಣ ಬೈಕೊಂಡು ಮತ್ತೆ ಹಾಕೋನು.

ನನ್ನ ಪೆಡ್ಲಿನ ಮರ ಬಿಚ್ಚೋಕೆ ಹೋಗಿ ಅವನು ಎರಡು ಸ್ಪ್ಯಾನರ್ ಮುರ್ಕೊಂಡ. ಕೊನೆಗೆ ಅದಕ್ಕೊಂದು ಕಥೆ ಕಟ್ಟಿದ. "ಇದು ಅರಮನೆ ಅಡುಗೆಭಟ್ಟರ ಸೈಕಲ್ಲು ಸಾರ್. ಅವರ ಎಡಗಾಲು ಗಿಡ್ಡ. ಹುಲಿ ಅಟ್ಟಿಸ್ಕೊಂಡು ಬಂದಾಗ ಒಂದೇ ಕೈಯಲ್ಲಿ ಹಾಲುಬಾಯಿ ಮಿಠಾಯಿ ತಟ್ಟೆ ಹಿಡ್ಕೊಂಡು ಇದರ ಮೇಲೇ ತಪ್ಪಿಸ್ಕೊಂಡ್ರು. ಒಂದು ತುಂಡೂ ಬೀಳ್ಲಿಲ್ಲ!" ಜನ ನಕ್ಕು, ನನ್ನ ಜೊತೆ ಫೋಟೋ ಹೊಡ್ಕೊಳ್ಳೋರು. ನನಗಿಂತ ದೊಡ್ಡ ಸುಳ್ಳುಗಾರನ್ನ ಕಂಡದ್ದು ಅದೇ ಮೊದಲು.

ಹಿಂಗೇ ಎಂಟು ವರ್ಷ. ಒಂದು ಬೆಳಗ್ಗೆ ಗೇಟಲ್ಲಿ ಕುಂಟು ಹೆಜ್ಜೆ ಸದ್ದು ಕೇಳ್ತು. ಜಯಶೀಲ. ಅದೇ ಮುಖ, ಸ್ವಲ್ಪ ಒಣಗಿತ್ತು ಅಷ್ಟೆ.

"ಅಣ್ಣಾ, ಪಕ್ಕದೂರ ಅಂಗನವಾಡೀಲಿ ಆಯಾ ಕೆಲಸ ಸಿಕ್ಕದೆ. ಒಂಬತ್ತಕ್ಕೆ ಸರಿಯಾಗಿ ಅಲ್ಲಿರ್ಬೇಕಂತೆ. ಆ ದಾರೀಲಿ ಬಸ್ಸಿಲ್ಲ. ಯಾವುದಾದ್ರೂ ಹಳೇ ಸೈಕಲ್ ಇದ್ರೆ ಕೊಡ್ತೀಯಾ?" ಅಂದ್ಳು.

ಪಾಪಣ್ಣ ಒಂದೊಂದೇ ತೋರಿಸ್ದ. ಹತ್ತಿದ್ಳು, ಇಳಿದ್ಳು. ಎಲ್ಲದ್ರಲ್ಲೂ ಎಡಗಾಲು ಗಾಳೀಲೇ. ಕೊನೆಗೆ ಮೂಲೇಲಿದ್ದ ನನ್ನ ಹತ್ರ ಬಂದ್ಳು. ಮರದ ಕೆಳಗೆ ಕೈ ಹಾಕಿ ಎರಡು ಬೋಲ್ಟೂ ಸವರಿದ್ಳು.

"ಇದ್ಯಾರ್ದಣ್ಣಾ?"

"ಅದಾ, ಅರಮನೆ ಅಡುಗೆಭಟ್ಟರದು ತಾಯಿ. ಒಂದಿನ ಹುಲಿ..."

"ಭಟ್ಟರ ಹೆಸರು ಮಾಯಿಗಯ್ಯ ಅಂತ ಇತ್ತಾ?"

ಪಾಪಣ್ಣನ ಬಾಯಿ ತೆರೆದಂಗೇ ನಿಂತೋಯ್ತು. ಅವನ ಜನ್ಮದಲ್ಲಿ ಕಥೆ ಅರ್ಧಕ್ಕೆ ನಿಂತದ್ದು ಆವತ್ತೊಂದೇ ದಿನ. ಆಮೇಲೆ ಮೆಲ್ಲಗೆ, "ತಗೊಂಡ್ ಹೋಗು ತಾಯಿ," ಅಂದ.

ಅವಳು ನೆಟ್ಟಗೆ ಮನೆಗೆ ಹೋಗ್ಲಿಲ್ಲ. ಮೂವತ್ತು ಕಿಲೋಮೀಟರಿನ ಪೂರ್ತಿ ಸುತ್ತು ಹೊಡೆದ್ಳು. ಟೋಪಿ ಹಾಕಿದ ಪಟ್ಟಣದೋರ ಗುಂಪನ್ನ ಸೇತುವೆ ಮೇಲೆ ಹಿಂದೆ ಹಾಕಿದ್ಳು. ನಾವು ಹೋದ ಸ್ಪೀಡಿಗೆ ಹೊಳೇಲಿದ್ದ ಮೀನು ಎದ್ದು ನಿಂತು ನೋಡಿದ್ವು. ಅಪ್ಪನ ತೂಬಿನ ಹತ್ರ ಚೈನು ಕಳಚ್ತು. ಇಳಿದು, ಹಾಕಿ, ಕರೀ ಕೈಯನ್ನ ನನ್ನ ಬಾರಿಗೇ ಒರೆಸಿದ್ಳು.

ಮನೆ ಮುಂದೆ ಚಲುವ ಅಡ್ಡ ನಿಂತ. "ಹೊಳೆಗೆ ಬಿಟ್ಟದ್ದನ್ನ ಮನೆಗೆ ತಂದ್ಯೇನೇ? ನಾನೇ ಬಿಟ್ಟು ಬಂದಿದ್ನಲ್ಲೇ!"

"ಒಳಗೆ ತರಲ್ಲ ಕಣಣ್ಣ. ಬೇಲಿ ಆಚೆ ಇರ್ಲಿ. ಕೆಲ್ಸಕ್ಕೆ ಹೋಗ್ಬೇಕು, ಕಾಲು ನೋಡು ನಂದು."

ಅವನು ಕಾಲು ನೋಡಿದ. ಪಕ್ಕಕ್ಕೆ ಸರಿದ.

ಹನ್ನೊಂದು ದಿನ ಕೆಲಸಕ್ಕೆ ಹೋದ್ವು. ಒಂಬತ್ತಕ್ಕೆ ಹತ್ತು ನಿಮಿಷ ಇರೋವಾಗ್ಲೇ ಬಾಗಿಲಲ್ಲಿ. ಅಂಗನವಾಡಿ ಪುಟಾಣಿಗಳು ನನ್ನ ಬೆಲ್ಲಿಗೆ ಸಾಲಲ್ಲಿ ನಿಲ್ಲೋವು. ಹನ್ನೆರಡನೇ ದಿನ ಮನೆ ಎಮ್ಮೆ ಕರ ಸತ್ತೋಯ್ತು. ಹುಲ್ಲಿನ ಜೊತೆ ಪ್ಲಾಸ್ಟಿಕ್ ಚೀಲ ನುಂಗಿತ್ತು, ಬೇಲಿ ಆಚೆಯಿಂದ ನಾನೇ ಕಂಡಿದ್ದೆ. ಆದ್ರೆ ಬೆಲ್ಲು ಬಾರಿಸೋಕೂ ನಂಗೆ ಇನ್ನೊಬ್ಬರ ಬೆರಳು ಬೇಕಲ್ಲ.

"ಅಪ್ಪ ಹುಡ್ಕೊಂಡು ಬಂದವ್ನೆ," ಅಂದ ಚಲುವ. ಅವನಿಗೆ ಕೋಪ ಇರ್ಲಿಲ್ಲ, ಭಯ ಇತ್ತು. ಅವನ ಹೆಂಡ್ತಿ ಕೂಸನ್ನ ಎದೆಗೆ ಅವುಚ್ಕೊಂಡು ಬಾಗಿಲಲ್ಲಿ ಅಳ್ತಿದ್ಳು, ಮುಂದಿನ ಸರದಿ ಕೂಸಿಂದೇ ಅನ್ನೋ ಹಂಗೆ. ಈ ಸಲ ಅವನು ದಂಡೇಲಿ ಒರಗಿಸಲಿಲ್ಲ. ಸೇತುವೆ ಮೇಲಕ್ಕೆ ಎಳ್ಕೊಂಡು ಹೋದ. ಜಯಶೀಲ ಹಿಂದೆ ಓಡಿ ಬರ್ತಿದ್ಳು. ಅವಳ ಓಟ ನಿಮಗೆ ಗೊತ್ತಲ್ಲ. "ಅಣ್ಣಾ, ಆ ಮರ ನಂದು ಕಣೋ, ಮರನಾದ್ರೂ ಬಿಚ್ಚಿ ಕೊಡೋ!" ಅಂತ ಕೂಗಿದ್ದು ಕೇಳ್ತು. ಅಷ್ಟರಲ್ಲಿ ನಾನು ಗಾಳೀಲಿದ್ದೆ, ಆಮೇಲೆ ನೀರಲ್ಲಿ.

ಮೂರು ದಿನ ಅವಳು ಕೆಲಸಕ್ಕೆ ಬರ್ಲಿಲ್ಲ ಅಂತ ಬೇರೆಯೋರನ್ನ ಹಾಕ್ಕೊಂಡ್ರಂತೆ.

ಬೇಸಿಗೇಲಿ ಹೊಳೆ ಇಳಿದಾಗ ಪಾಪಣ್ಣ ನನ್ನ ಕಂಡು, ತೆಪ್ಪದೋರ ಕೈಲಿ ಎತ್ತಿಸ್ದ. ಮುಂದಿನ ಫೋರ್ಕು ಬಂಡೆಗೆ ಬಡಿದು ಮಡಚ್ಕೊಂಡಿತ್ತು. ಚಕ್ರ ಅಪ್ಪಳದ ಥರ, ಚೈನು ಹೊಳೆಪಾಲು. "ಇದು ಇನ್ನು ಓಡಲ್ಲ," ಅಂದ. ಅವನ ಬಾಯಿಂದ ನಾನು ಕೇಳಿದ ನಿಜ ಅದೊಂದೇ.

ಅದೇ ಸಮಯಕ್ಕೆ ಪಾರ್ಕಿಗೆ ಹೊಸ ಅಂದ ಮಾಡೋ ಕೆಲಸ ನಡೀತಿತ್ತು. ಕಂಟ್ರಾಕ್ಟರು ನನ್ನ ತಗೊಂಡೋಗಿ ಗುಲಾಬಿ ಬಣ್ಣ ಬಳಿದ್ರು. ಎರಡು ಚಕ್ರಾನೂ ಸಿಮೆಂಟಲ್ಲಿ ಅರ್ಧಕ್ಕೆ ಹೂತ್ರು. ಹ್ಯಾಂಡಲಿಗೆ, ಕ್ಯಾರಿಯರಿಗೆ ಹೂವಿನ ಬುಟ್ಟಿ. ಈಗ ನಾನು ಹೊಳೆ ಕಡೆ ಮುಖ ಮಾಡ್ಕೊಂಡು ನಿಂತಿದ್ದೀನಿ. ಎದುರಿಗೇ ಸೈಕಲ್ ದಾರಿ. ದಿನಾ ಹೊಸ ಹೊಸ ಸೈಕಲ್ಲು ಹೊರಡ್ತವೆ, ಬರ್ತವೆ.

ಮಳೆಗಾಲ ಕಳೆದ ಮೇಲೆ ಒಂದ್ಸಲ ಜಯಶೀಲ ಬಂದ್ಳು. ಬಣ್ಣ ಬೇರೆ ಆಗಿದ್ರೂ ಪೆಡ್ಲು ನೋಡಿ ಗುರ್ತು ಹಿಡಿದ್ಳು. ಬೋಲ್ಟಿಗೆ ಕೈ ಹಾಕಿದ್ಳು, ತಿರುಗಲಿಲ್ಲ, ಬಣ್ಣದಲ್ಲಿ ಮುಚ್ಚೋಗಿತ್ತು. ಆಮೇಲೆ ಸೀರೆ ಎತ್ತಿ ಕಟ್ಟಿ, ಹತ್ತಿ ಕೂತ್ಳು. ಎಡಗಾಲು ಮರದ ಮೇಲೆ ಸರಿಯಾಗಿ ಕೂತ್ಕೊಳ್ತು. ತುಳಿದ್ಳು. ಪೆಡ್ಲು ಕಾಲ್ಭಾಗ ಸುತ್ತು ತಿರುಗಿ ಸಿಮೆಂಟಿಗೆ ಬಡೀತು. ಹಿಂದಕ್ಕೆ ತಂದ್ಳು, ಮತ್ತೆ ಕಾಲು ಸುತ್ತು. ಹೊಳೆ ನೋಡ್ಕೊಂಡು ಹಂಗೇ ತುಳೀತಾ ಇದ್ಳು.

ವಾಚ್‌ಮನ್ ನಗ್ತಾ ಬಂದ. "ಎಲ್ಲಿಗಮ್ಮಾ ಸವಾರಿ?"

"ಅಂಗನವಾಡಿಗೆ," ಅಂದ್ಳು.

"ಇಳಿಯಮ್ಮ, ಹೂವು ಹಾಳಾಗ್ತವೆ."

ಇಳಿದ್ಳು. ನೆಲಕ್ಕೆ ಕಾಲು ಇಡ್ತಿದ್ದಂಗೇ ಕುಂಟು ವಾಪಸ್ ಬಂತು. ಹೋದ್ಳು. ಆಮೇಲೆ ಬಂದಿಲ್ಲ.

ಬುಟ್ಟಿಗೆ ಹಾಕೋ ನೀರು ದಿನಾ ಬೆಳಗ್ಗೆ ಸೋರಿ ಸೋರಿ ಆ ಹಲಸಿನ ಮರದ ಮೇಲೇ ಬೀಳ್ತದೆ. ಅದು ಚಿಗುರಿದೆ, ಎರಡು ಎಲೆ ಬಿಟ್ಟಿದೆ, ಇನ್ನೈದು ವರ್ಷಕ್ಕೆ ಹಣ್ಣು ಕೊಡ್ತದೆ ಅಂತ ನಿಮಗೆ ಹೇಳ್ಬಹುದಿತ್ತು. ನೀವೂ ನಕ್ಕು ನಂಬ್ತಿದ್ರಿ. ಆದ್ರೆ ಅದೊಂದು ಸುಳ್ಳು ಬಾಯಿಗೆ ಬರ್ತಿಲ್ಲ. ಮರ ಊದ್ಕೊಂಡು ನಡುವೆ ಬಿರುಕು ಬಿಟ್ಟಿದೆ. ಈ ವರ್ಷವೋ ಮುಂದಿನ ವರ್ಷವೋ ಅದು ಪುಡಿಯಾಗಿ ಉದುರೋಗ್ತದೆ. ಎರಡು ಬೋಲ್ಟು ಉಳೀತವೆ.

ಆಮೇಲೆ ಅವಳು ಬಂದ್ರೂ ನನ್ನ ಗುರ್ತು ಹಿಡಿಯೋಕೆ ಏನೂ ಇರಲ್ಲ.