ಹಿಮ ಇದೆಯಾ ನೋಡಿ ಬಾ

ರೂಪ ಬದಲಿಸುವ ತುಂಟ ವೀರ ನಾನಬೋಝೊನ ಕಥೆಗಳನ್ನು, ಉತ್ತರದ ಸರೋವರ ಸೀಮೆಯ ಮೂಲನಿವಾಸಿಗಳಾದ ನಮ್ಮವರು ನೆಲದ ಮೇಲೆ ಹಿಮ ಇರುವಾಗ ಮಾತ್ರ ಹೇಳುತ್ತಾರೆ. ಹಿಮ ಕರಗಿ ಕಪ್ಪೆ ಕೂಗಿತೋ, ಆ ಕಥೆಗಳಿಗೆ ಬೀಗ ಬಿತ್ತೆಂದೇ ಲೆಕ್ಕ. ಚಳಿಗಾಲವಿಡೀ ನೆಲದಡಿ ಮಲಗಿದ್ದವರೆಲ್ಲ, ಕಪ್ಪೆ ಹಾವು ಕರಡಿ ಸಮೇತ, ಆಗ ಎದ್ದಿರುತ್ತಾರೆ. ತಮ್ಮ ಸುದ್ದಿ ಬಂದರೆ ಕಿವಿಗೊಡುತ್ತಾರೆ. ಈ ಕಟ್ಟು ಮೀರಿ ಕಥೆ ಹೇಳಿದವರ ಹಾಸಿಗೆಗೆ ಕಪ್ಪೆ ಬರುತ್ತದೆಂದು ಮಕ್ಕಳನ್ನು ಹೆದರಿಸುವುದೂ ಉಂಟು.

ನಮ್ಮೂರ ರೇಡಿಯೋದಲ್ಲಿ ಶುಕ್ರವಾರ ಮಧ್ಯಾಹ್ನ ಹಿರಿಯರ ಮಾತು ಕೇಳಿಸುವುದು ನನ್ನ ಪಾಲಿಗೆ ಬಂದ ಸೇವೆ. ಜನವರಿಯಲ್ಲಿ ಜೋಸೆಟ್ ಅಜ್ಜಿಯ ಅಂಗೈಗೆ ಚಿಟಿಕೆ ಹೊಗೆಸೊಪ್ಪು ಇಟ್ಟು, ಕೇಳಬೇಕಾದ ಕ್ರಮದಲ್ಲೇ ಕಥೆ ಕೇಳಿದ್ದೆ. ಅವಳು ತನ್ನಪ್ಪ ಹೇಳುತ್ತಿದ್ದ ದೊಡ್ಡ ಕಥೆಯನ್ನು ನಮ್ಮ ಭಾಷೆಯಲ್ಲೇ ಹೇಳಿ ಟೇಪಿಗೆ ತುಂಬಿಸಿದಳು. ಹೇಳಿದ್ದು ಊರಿಗಾದರೂ ಅವಳ ಮನಸ್ಸು ಇದ್ದದ್ದು ತಮ್ಮ ಆಂಬ್ರೋಸನ ಮೇಲೆ. ಅವನು ಸರೋವರದ ಆಚೆ ದಡದಲ್ಲಿ, ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯಲ್ಲಿದ್ದ. ನೆನಪು ಹೋಗಿತ್ತು. ಅಕ್ಕ ಎದುರಿಗೆ ಕೂತರೂ ಗುರುತಿರಲಿಲ್ಲ, ಮಾತು ನಿಂತು ತಿಂಗಳುಗಳಾಗಿದ್ದವು. ರೇಡಿಯೋವನ್ನು ಮಾತ್ರ ಮಡಿಲಿಂದ ಇಳಿಸುತ್ತಿರಲಿಲ್ಲ. ಮುಖ ಮರೆತವನು ಅಪ್ಪನ ಕಥೆ ಮರೆತಿರಲಾರ ಎಂದು ಅಜ್ಜಿ ನಂಬಿದ್ದಳು.

ಟೇಪು ಬಿತ್ತರವಾಗುವ ಮೊದಲೇ, ಆ ವಾರವೇ ಬಿರುಗಾಳಿಗೆ ರೇಡಿಯೋ ಕಂಬ ಉರುಳಿತು. ಹೊಸದು ನಿಲ್ಲುವಷ್ಟರಲ್ಲಿ ಮೇ ತಿಂಗಳು. ಸರೋವರದ ಮಂಜುಗಡ್ಡೆ ಒಡೆದು ನೀರು ಕಾಣುತ್ತಿತ್ತು, ಕಪ್ಪೆಗಳು ಕೂಗಲು ಶುರುಮಾಡಿದ್ದವು. ಆಂಬ್ರೋಸ್ ಮುಂದಿನ ಚಳಿಗಾಲ ಕಾಣುವುದು ಕಷ್ಟ ಎಂದು ವೈದ್ಯರು ಹೇಳಿಬಿಟ್ಟಿದ್ದರು.

ನಾನು ವಾದ ಹೂಡಿದೆ. ಕಥೆ ಹೇಳಿದ್ದು ಹಿಮದ ನಡುವೆಯೇ, ಈಗ ಯಂತ್ರ ಅದನ್ನು ಬರೀ ಒಪ್ಪಿಸುತ್ತದೆ, ಅದರಲ್ಲಿ ತಪ್ಪೇನು ಎಂದೆ. ಅಜ್ಜಿ ಟೇಪನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಅವಳಿಗೂ ಆಸೆಯಿತ್ತು.

"ಕೇಳೋರ ಕಿವಿಗೆ ಈಗ ಬೇಸಿಗೆ ಕಣೇ," ಎಂದಳು ಕೊನೆಗೆ. "ನಿನ್ ಯಂತ್ರಕ್ಕೇನು, ಅದಕ್ಕೆ ಹಾಸಿಗೆನೇ ಇಲ್ಲ. ಕಪ್ಪೆ ಜೊತೆ ಮಲಗೋಳು ನಾನು."

ನಡೆದ ಸಂಗತಿ ಹೇಳಲು ಕಾಲದ ಕಟ್ಟಿಲ್ಲ. ಅದನ್ನೇ ಹೇಳುತ್ತೇನೆಂದು ಮೈಕಿನ ಮುಂದೆ ಕೂತಳು.

ಅವಳಪ್ಪ ಕಥೆಗೆ ಮೊದಲು ಮನೆಯ ಕಿರಿಯವನನ್ನು ಹೊರಗೆ ಕಳಿಸುತ್ತಿದ್ದನಂತೆ, ಹಿಮ ಇದೆಯಾ ನೋಡಿ ಬಾ ಎಂದು. ಕಿರಿಯವನು ಆಂಬ್ರೋಸ್, ಆಗ ಐದು ವರ್ಷ. ಒಂದು ಬೇಸಿಗೆಯಲ್ಲಿ ಕಥೆಗಾಗಿ ಹಟ ಹಿಡಿದ. ಮೀನು ಕೆಡದಂತೆ ಮರದ ಹೊಟ್ಟಿನಲ್ಲಿ ಹುಗಿದಿಟ್ಟ ಮಂಜುಗಡ್ಡೆ ಕದ್ದು, ಕುಟ್ಟಿ, ಮೆಟ್ಟಿಲ ಮೇಲೆ ಹರಡಿ, ಹಿಮ ಬಿದ್ದಿದೆ ಅಂತ ಒಳಗೆ ಓಡಿಬಂದ. ಅಪ್ಪ ಹೊರಗೆ ಹೋಗಿ ನೋಡಿದ. ಹಿಮಕ್ಕೆಲ್ಲ ಹೊಟ್ಟು ಅಂಟಿತ್ತು. ಬೈಯಲಿಲ್ಲ. ಇಂಥ ಹಿಮಕ್ಕೆ ಇಂಥದೇ ಕಥೆ ಅಂತ, ಸರೋವರದ ನೀರಲ್ಲಿ ಬೆಳೆದ ಕಾಡು ಅಕ್ಕಿಯ ತೆನೆ ಬಡಿಯಲು ಹೋದಾಗ ತಾನೇ ದೋಣಿಯಿಂದ ತಲೆಕೆಳಗಾಗಿ ಬಿದ್ದದ್ದನ್ನು ಹೇಳಿದ. ಮೆಟ್ಟಿಲು ಒಣಗುವವರೆಗೆ ಎಲ್ಲರೂ ನಕ್ಕರು.

ಹೇಳುತ್ತ ಹೇಳುತ್ತ ಅಜ್ಜಿಗೆ ಮೈಕು ಮರೆತುಹೋಯಿತು. ಪಕ್ಕದ ಕೋಣೆಯಲ್ಲಿರುವವನನ್ನು ಕರೆದಂತೆ ಮೆಲ್ಲಗೆ, "ಆಂಬ್ರೋಸ್, ಹಿಮ ಇದೆಯಾ ನೋಡಿ ಬಾ, ಪುಟ್ಟಾ," ಎಂದಳು.

ಆಮೇಲೆ ಮಾತಿಲ್ಲ. ರೇಡಿಯೋದಲ್ಲಿ ಮೌನ ಬಂದರೆ ತಕ್ಷಣ ಹಾಡು ಹಾಕಿ ತುಂಬಬೇಕು. ನಾನು ಅದನ್ನು ಮುಟ್ಟಲು ಹೋಗಲಿಲ್ಲ. ಯಾರೋ ಎದ್ದು ಹೋಗಿ ಬರಬೇಕಾದಷ್ಟು ಹೊತ್ತು ಹಾಗೇ ಬಿಟ್ಟೆ.

ಕಾರ್ಯಕ್ರಮ ಮುಗಿಯುತ್ತಲೇ ಫೋನ್ ಬಂತು. ಆಚೆ ದಡದ ನರ್ಸ್, ನಮ್ಮವಳೇ. ಆಂಬ್ರೋಸ್ ಗೋಡೆ ಹಿಡಿದು ಎದ್ದನಂತೆ. ಕಿಟಕಿಗೆ ಹೋಗಿ ಅಂಗಳವನ್ನು ಉದ್ದಕ್ಕೂ ನೋಡಿದನಂತೆ. ತಿರುಗಿ, ಮಡಿಲಿಂದ ಜಾರಿದ ರೇಡಿಯೋಗೆ ನಮ್ಮ ಭಾಷೆಯಲ್ಲಿ ಉತ್ತರ ಕೊಟ್ಟನಂತೆ: "ಇಲ್ಲ ಅಕ್ಕಾ. ಈ ಸಲ ನಿಜವಾಗ್ಲೂ ಇಲ್ಲ."

ಅಜ್ಜಿ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡಳು.

"ಕಳ್ಳ ನನ್ಮಗ. ಎಪ್ಪತ್ತು ವರ್ಷ ಬೇಕಾಯ್ತು ನೋಡು ನಿಜ ಹೇಳೋಕೆ."

ಟೇಪನ್ನು ಡ್ರಾಯರಿನಲ್ಲಿಟ್ಟು, ಅದರ ಮೇಲೆ ಚಿಟಿಕೆ ಹೊಗೆಸೊಪ್ಪು ಇಟ್ಟಳು. ಬಾಗಿಲವರೆಗೆ ಹೋದವಳು ಮತ್ತೆ ನನ್ನ ಕಡೆ ತಿರುಗಿದಳು.

"ಆ ನರ್ಸ್ ಹುಡುಗಿಗೆ ಫೋನ್ ಮಾಡು. ಅಪ್ಪನ ಕಥೆ ಬಾಕಿ ಇದೆ, ಹಿಮ ಬಿತ್ತಾ ಅಂತ ದಿನಾ ಕಿಟಕೀಲಿ ನೋಡ್ತಿರು ಅಂತ ಅವನಿಗೆ ಹೇಳ್ಲಿ."