ಲೆಕ್ಕಕ್ಕೆ ಸಿಗದ ಹೊಲಿಗೆ ಮಷಿನ್‌ಗಳು

ಏಪ್ರಿಲ್ ಹದಿನಾರು, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಚೀಲ ಹೊಲಿಯುವವರ ಬೀದಿಯ ಮೊದಲ ಮನೆಯಾತ ತನ್ನ ದೊಡ್ಡ ಕತ್ತರಿಯಿಂದ ಕಿಟಕಿಯ ಕಂಬಿಗೆ ಬಡಿದ. ಟಣ್, ಟಣ್, ಟಣ್.

ಅಷ್ಟೇ. ಗಡಗಡ ಎನ್ನುತ್ತಿದ್ದ ಬೀದಿ ಮನೆಯಿಂದ ಮನೆಗೆ ಸುಮ್ಮನಾಗುತ್ತ ಹೋಯಿತು. ಕುತ್ತಿಗೆಗೆ ಗುರುತಿನ ಚೀಟಿ ತೂಗುಹಾಕಿಕೊಂಡ ಯಾರೇ ಬೀದಿಗೆ ಕಾಲಿಟ್ಟರೂ ಹೀಗೆ ಸದ್ದು ಮಾಡುವುದು ಅಲ್ಲಿನ ಹಳೆಯ ರೂಢಿ. ಬಂದವರು ತೆರಿಗೆಯವರೋ, ಲಸಿಕೆಯವರೋ, ದಾರಿ ತಪ್ಪಿದವರೋ ಎಂದು ಯಾರೂ ವಿಚಾರಿಸುವುದಿಲ್ಲ. ಮೊದಲು ಮಷಿನ್ ನಿಲ್ಲಿಸು, ಆಮೇಲೆ ಮಾತು.

ಬೀದಿಯ ನಡುವಿನ ಮನೆಯಲ್ಲಿ ಗಂಡ, ಹೆಂಡತಿ, ಗಂಡನ ತಾಯಿ. ಆ ತಾಯಿ ಬೀದಿಗೆಲ್ಲ ‘ಅತ್ತೆ’. ಮುಂದಿನ ಕೋಣೆಯಲ್ಲಿ ಆರು ಹೊಲಿಗೆ ಮಷಿನ್‌ಗಳು. ಅಕ್ಕಪಕ್ಕದ ಮೂವರು ಹೆಂಗಸರು ದಿನವೂ ಅಲ್ಲಿಗೆ ಕೆಲಸಕ್ಕೆ ಬರುತ್ತಾರೆ. ಶಾಲೆ ಮಕ್ಕಳ ಬೆನ್ನುಚೀಲ ಹೊಲಿಯುವುದು ಅವರ ಕಸುಬು. ಕತ್ತರಿಯ ಸದ್ದು ಕೇಳಿದ್ದೇ ತಡ, ಅತ್ತೆ ಹೊದಿಕೆಗಳನ್ನು ತಂದು ಐದು ಮಷಿನ್‌ಗಳ ಮೇಲೆ ಹೊದಿಸಿದರು. ಒಂದರ ಮೇಲೆ ತಂಬಿಗೆ ಇಟ್ಟರು, ಇನ್ನೊಂದರ ಮೇಲೆ ಕನ್ನಡಿ. ನೋಡಿದವರು ಈ ಮನೆಯವರಿಗೆ ಮೇಜಿನ ಹುಚ್ಚು ಅಂದುಕೊಳ್ಳಬೇಕು, ಹಾಗೆ.

ಬಂದವಳು ಅಂಕಿಅಂಶ ಇಲಾಖೆಯ ಸಮೀಕ್ಷೆಯವಳು. ಗುರುತಿನ ಚೀಟಿ ತೋರಿಸಿ, ಕುಳಿತು, ಕೈಯಲ್ಲಿದ್ದ ಟ್ಯಾಬ್ ತೆರೆದಳು.

“ಎಷ್ಟು ಮಷಿನ್ ಇವೆ ಅಣ್ಣ?”

“ಒಂದೇ ಒಂದು ಮೇಡಂ. ಅದೂ ಮನೆ ಬಟ್ಟೆ ಹರಿದ್ರೆ ಹೊಲ್ಕೊಳ್ಳೋಕೆ,” ಎಂದ ಗಂಡ.

“ಇವರು ಮೂವರು?”

“ನೆಂಟ್ರು. ಅಮ್ಮಂಗೆ ಹುಷಾರಿಲ್ಲ ಅಂತ ನೋಡೋಕೆ ಬಂದಿದಾರೆ.”

ಅತ್ತೆ ಕೂಡಲೇ ಕೆಮ್ಮಿದರು. ನೆಂಟರಲ್ಲೊಬ್ಬಳ ಕುತ್ತಿಗೆಯಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು. ಸಮೀಕ್ಷೆಯವಳ ಕಣ್ಣು ಒಂದು ಕ್ಷಣ ಅದರ ಮೇಲೆ ನಿಂತಿತು.

“ನೀವು ಹೇಳಿದ್ದನ್ನೇ ನಾನು ಬರ್ಕೋಬೇಕು ಅಣ್ಣ. ಇಷ್ಟೇನಾ?”

“ಇಷ್ಟೇ.”

ಅವಳು ಹೊರಟ ಮೇಲೆ ಟೇಪಿನವಳು ಹೇಳಿದಳು: “ನೆಂಟ್ರು ಅಂದ್ಮೇಲೆ ಇವತ್ತು ಊಟ ನಿಮ್ಮನೇದೇ ಬಿಡಿ.” ಎಲ್ಲರೂ ನಕ್ಕರು. ಹೊದಿಕೆಗಳು ಮಡಿಚಿಕೊಂಡವು, ಬೀದಿ ಮತ್ತೆ ಗಡಗಡ ಎಂದಿತು.

ಆರು ತಿಂಗಳು ಕಳೆದವು. ಒಂದು ಸಂಜೆ ಚೀಲಗಳಿಗೆ ಜಿಪ್ ಕೂರಿಸುತ್ತಿದ್ದಾಗ ರೇಡಿಯೊದಲ್ಲಿ ವಾರ್ತೆ ಬಂತು. ಮುಂದಿನ ವರ್ಷ ದೇಶದ ಆರ್ಥಿಕತೆ ನೂರಕ್ಕೆ ಆರರಷ್ಟು ಬೆಳೆಯುವ ಅಂದಾಜಿದೆ. ನಮ್ಮ ರಾಜ್ಯ ಒಂದು ಹೆಜ್ಜೆ ಮುಂದೆ, ಏಳರಷ್ಟು. ಆದರೆ ರಾಜ್ಯದಲ್ಲಿ ಮನೆಗಳಲ್ಲೇ ನಡೆಯುವ ಚೀಲ ಹೊಲಿಗೆಯ ಕಸುಬು ಕುಗ್ಗುತ್ತಿದೆ, ಇನ್ನೂ ಕುಗ್ಗಲಿದೆ.

“ಕೇಳಿದ್ಯೇನೇ?” ಎಂದ ಗಂಡ. “ದೇಶ ಬೆಳೀತಿದೆ, ರಾಜ್ಯ ಬೆಳೀತಿದೆ, ನಾನೊಬ್ನೇ ಕುಗ್ತಿದೀನಂತೆ.”

“ನಿಮ್ಮ ಹೊಟ್ಟೆ ನೋಡಿದ್ರೆ ಹಾಗನ್ಸಲ್ಲ ರೀ,” ಎಂದಳು ಹೆಂಡತಿ.

“ಎಲ್ಲಾ ಕುರ್ಚಿ ಮೇಲೆ ಕೂತು ಬರೆಯೋ ಅಂತೆಕಂತೆ. ಅದನ್ನ ಕಟ್ಕೊಂಡು ನಮಗೇನಾಗ್ಬೇಕು?”

ಆಗಬೇಕಾದದ್ದು ಆಗುತ್ತಲೇ ಇತ್ತು. ಮಧ್ಯಾಹ್ನವಾದರೆ ಆ ಬೀದಿಯಲ್ಲಿ ಕರೆಂಟು ಸೊರಗುತ್ತಿತ್ತು. ದಪ್ಪ ಬಟ್ಟೆಗೆ ಇಳಿದ ಸೂಜಿ ಅಲ್ಲೇ ನಿಲ್ಲುತ್ತಿತ್ತು, ಮೋಟಾರು ನರಳುತ್ತಿತ್ತು. ಗಂಡ ಒಂದು ದಿನ ಮೀಟರ್ ತಂದು ಅಳೆದ. ಇನ್ನೂರ ಮೂವತ್ತು ವೋಲ್ಟ್ ಇರಬೇಕಾದಲ್ಲಿ ನೂರ ಅರವತ್ತೈದು. ಅದೇ ವಾರ ಒಂದು ಮೋಟಾರು ಸುಟ್ಟು ಕೋಣೆಯೆಲ್ಲ ಕಮರು ವಾಸನೆ ತುಂಬಿತು.

ಚೀಲ ಕೊಳ್ಳುವ ವ್ಯಾಪಾರಿ ಬಾಗಿಲಲ್ಲೇ ನಿಂತು ಹೇಳಿದ: “ಶಾಲೆ ಶುರುವಾಗೋದು ನಿಮ್ಮ ಕರೆಂಟು ನೋಡ್ಕೊಂಡಲ್ಲ ಸ್ವಾಮಿ. ಇನ್ನೊಂದ್ಸಲ ತಡ ಆದ್ರೆ ಕೆಲಸ ಬೇರೆ ಊರಿಗೆ ಕೊಡ್ತೀನಿ. ಬೇಜಾರು ಮಾಡ್ಕೋಬೇಡಿ.”

ಆತ ಹೋದ ಮೇಲೆ ಟೇಪಿನವಳು ಮೆಲ್ಲಗೆ ಕೇಳಿದಳು: “ಅಕ್ಕಾ, ನಾನು ಬೇರೆ ಎಲ್ಲಾದ್ರೂ ಕೆಲಸ ಕೇಳ್ಕೊಳ್ಳಲಾ?” ಆ ಕೋಣೆಯನ್ನು ನಂಬಿ ನಾಲ್ಕು ಮನೆಗಳ ಒಲೆ ಉರಿಯುತ್ತಿತ್ತು.

ಗಂಡ ಹೆಂಡತಿ ವಿದ್ಯುತ್ ಕಚೇರಿಗೆ ಹೋದರು. ಎಂಜಿನಿಯರ್ ಒಳ್ಳೆಯ ಮನುಷ್ಯ. ಕುರ್ಚಿ ಕೊಟ್ಟು, ಪೂರ್ತಿ ಕೇಳಿಸಿಕೊಂಡರು.

“ನಿಮ್ಮ ತೊಂದರೆ ನಿಜ. ಈಗ ಎಷ್ಟು ಕರೆಂಟು ಉರೀತಿದೆ ಅಂತ ನಮಗೂ ಗೊತ್ತು,” ಎಂದರು. “ಆದರೆ ಹೊಸ ಟ್ರಾನ್ಸ್‌ಫಾರ್ಮರ್ ಇಪ್ಪತ್ತು ವರ್ಷ ಬಾಳ್ಬೇಕಮ್ಮ. ಇವತ್ತಿನದನ್ನ ನೋಡಿ ಹಾಕಲ್ಲ, ನಾಳೆ ಏನಾಗುತ್ತೆ ಅಂತ ನೋಡಿ ಹಾಕ್ತಾರೆ. ನಿಮ್ಮ ಕಸುಬು ಕುಗ್ತಿದೆ ಅಂತ ರಾಜ್ಯದ ಅಂದಾಜಲ್ಲಿದೆ. ಮುಚ್ಚೋ ಅಂಗಡಿಗೆ ಯಾರು ಹೊಸ ಬಾಗಿಲು ಇಡಿಸ್ತಾರೆ ಹೇಳಿ?”

ದಾರಿಯಲ್ಲಿ ಹೆಂಡತಿ ಕೇಳಿದಳು: “ರೀ, ನಮ್ಮ ಕಸುಬು ಕುಗ್ತಿದೆ ಅಂತ ಅವರಿಗೆ ಹೇಳಿದ್ದು ಯಾರು?”

“ಯಾರೋ ತಲೆ ಕೆಟ್ಟೋರು.”

“ನಾವೇ ರೀ. ಒಂದೇ ಮಷಿನ್, ಹರಿದ ಬಟ್ಟೆ ಹೊಲ್ಕೊಳ್ಳೋಕೆ ಅಂದ್ವಲ್ಲ.”

“ನಮ್ಮೊಬ್ರ ಮಾತಿಂದ ರಾಜ್ಯದ ಲೆಕ್ಕ ಬದಲಾಗುತ್ತಾ? ಹುಚ್ಚು ನಿಂಗೆ.”

ಮರುವರ್ಷದ ಏಪ್ರಿಲ್‌ನಲ್ಲಿ ಮತ್ತೆ ಕತ್ತರಿ ಬಡಿಯಿತು. ಬೀದಿ ಸುಮ್ಮನಾಯಿತು. ಅತ್ತೆ ಹೊದಿಕೆ ಹೊದಿಸಿ ತಂಬಿಗೆ ಇಟ್ಟರು. ಹೆಂಡತಿ ಮಾತ್ರ ಪೆಡಲಿನಿಂದ ಕಾಲು ತೆಗೆಯಲಿಲ್ಲ.

“ಏ, ನಿಲ್ಸೇ!” ಎಂದ ಗಂಡ.

“ನಿಲ್ಸಲ್ಲ.”

“ಬೀದಿಗೆಲ್ಲ ಕೇಳ್ಸುತ್ತೆ ಕಣೇ!”

“ಕೇಳ್ಲಿ. ಕೇಳ್ಸದೇ ಇದ್ದಿದ್ದಕ್ಕೇ ಈ ಗತಿ ಬಂದಿರೋದು.”

ಸಮೀಕ್ಷೆಯವಳು ಆ ಒಂದೇ ಮಷಿನ್ನಿನ ಸದ್ದು ಹಿಡಿದು ಒಳಗೆ ಬಂದಳು. ಹೋದ ವರ್ಷ ಬಂದವಳೇ. ಮೂವರು ಹೆಂಗಸರನ್ನು ನೋಡಿ, “ಅಜ್ಜಿಗೆ ಇನ್ನೂ ಹುಷಾರಾಗ್ಲಿಲ್ವಾ?” ಎಂದಳು. ಗಂಡನ ಮುಖ ಕೆಂಪಾಯಿತು. ಹೆಂಡತಿಗೆ ನಗು ಬಂತು. ನಗುತ್ತಲೇ ಕಣ್ಣು ತುಂಬಿತು. ವ್ಯಾಪಾರಿಯ ಮಾತು, ಸುಟ್ಟ ಮೋಟಾರು, ವಿದ್ಯುತ್ ಕಚೇರಿ, ಎಲ್ಲವನ್ನೂ ಹೇಳಿದಳು.

“ಆದ್ರೂ ಮೇಡಂ,” ಎಂದ ಗಂಡ, “ಲಕ್ಷಗಟ್ಟಲೆ ಮನೆ ಇರೋವಾಗ ನಮ್ಮೊಂದು ಮನೆ ಲೆಕ್ಕ ಯಾವ ಮೂಲೆಗೆ?”

“ಅಣ್ಣ, ನಾವು ಎಲ್ಲಾ ಮನೆಗೂ ಹೋಗಲ್ಲ. ಚೀಟಿ ಎತ್ತಿದ ಹಾಗೆ ಕೆಲವು ಮನೆ ಆರಿಸಿ ಎರಡು ವರ್ಷ ಅಲ್ಲಿಗೇ ಬರ್ತೀವಿ. ಅನ್ನ ಬೆಂದಿದ್ಯಾ ಅಂತ ನೋಡೋಕೆ ಒಂದಗುಳು ಹಿಸುಕಿದ್ರೆ ಸಾಕಲ್ವಾ? ನಿಮ್ಮನೆ ಆ ಅಗುಳು. ನೀವು ಹೇಳಿದ್ದು ನಿಮ್ಮಂಥ ಸುಮಾರು ನಾನೂರು ಮನೆಗಳ ಮಾತು ಅಂತ ಲೆಕ್ಕಕ್ಕೆ ಹೋಗುತ್ತೆ. ನೀವು ಐದು ಮಷಿನ್ ಮುಚ್ಚಿಟ್ರೆ ಅಲ್ಲಿ ಎರಡು ಸಾವಿರ ಮಷಿನ್ ಮಾಯ.”

ಗಂಡ ಹೊದಿಕೆಯ ಮೇಲಿದ್ದ ತಂಬಿಗೆಯನ್ನೇ ನೋಡುತ್ತ ಕುಳಿತ.

“ಜ್ವರ ಇದ್ದೋರು ಥರ್ಮಾಮೀಟರ್‌ನ ತಣ್ಣೀರಲ್ಲಿ ಅದ್ದಿ ಡಾಕ್ಟರಿಗೆ ಕೊಟ್ರೆ ಔಷಧಿ ಹೇಗೆ ಸಿಗುತ್ತೆ?” ಎಂದಳು ಸಮೀಕ್ಷೆಯವಳು. “ಇನ್ನೊಂದು ಮಾತು ಅಣ್ಣ. ದೇಶ ಆರು, ರಾಜ್ಯ ಏಳು ಅಂದ್ರೆ ಪ್ರತಿ ಮನೆಯೂ ಅಷ್ಟು ಬೆಳೆಯುತ್ತೆ ಅಂತಲ್ಲ. ಅದು ಎಲ್ಲರದ್ದೂ ಸೇರಿದ ಅಂದಾಜು. ಅದು ಸುಳ್ಳೂ ಅಲ್ಲ, ಜಾತಕಾನೂ ಅಲ್ಲ. ನಾವು ಕೊಟ್ಟಿದ್ದನ್ನೇ ಅದು ವಾಪಸ್ ಹೇಳುತ್ತೆ.”

ಅಲ್ಲಿಯವರೆಗೆ ಗೋಡೆಗೆ ಒರಗಿದ್ದ ಅತ್ತೆ ಮಾತು ತೆಗೆದರು. “ಚೆನ್ನಾಗಿ ಮಾತಾಡ್ತೀಯಮ್ಮ. ಆದ್ರೆ ಹಿಂದೆ ಆಫೀಸಿನೋರು ನಮ್ಮೆಜಮಾನ್ರ ಮಷಿನ್ ಎತ್ಕೊಂಡು ಹೋದ್ರಲ್ಲ, ಅವರೂ ಹೀಗೇ ನಗ್ತಾ ಬಂದು ಎಷ್ಟಿವೆ ಅಂತ ಕೇಳಿದ್ರು. ಲೈಸೆನ್ಸ್ ಇಲ್ಲ ಅಂತ ಹೊತ್ಕೊಂಡು ಹೋದ್ರು. ಮಷಿನ್ ವಾಪಸ್ ಬರ್ಲೇ ಇಲ್ಲ. ಆಗ ಇವನು ಮಡಿಲ ಕೂಸು. ರಾತ್ರಿಯೆಲ್ಲ ಕೈಯಲ್ಲೇ ಹೊಲಿದು ಸಾಕಿದೀನಿ.”

ಸಮೀಕ್ಷೆಯವಳು ಟ್ಯಾಬ್ ಪಕ್ಕಕ್ಕಿಟ್ಟು ಅತ್ತೆಯ ಹತ್ತಿರ ಬಂದು ನೆಲದ ಮೇಲೆ ಕುಳಿತಳು.

“ತಪ್ಪು ಆಗಿದೆ ಅಜ್ಜಿ. ಆಗಿಲ್ಲ ಅಂತ ನಾನು ಹೇಳಲ್ಲ. ಅದಕ್ಕೇ ನೀವು ನನ್ನ ಸುಮ್ನೆ ನಂಬೋದು ಬೇಡ. ಈ ಚೀಟಿಯಲ್ಲಿ ನಂಬರ್ ಇದೆ, ಕಚೇರಿಗೆ ಫೋನ್ ಮಾಡಿ ನಾನು ಯಾರು ಅಂತ ಕೇಳಿ. ನಿಮ್ಮ ಹೆಸರು, ಮನೆ ಗುರುತು ತೆರಿಗೆಯವರಿಗೂ ಹೋಗಲ್ಲ, ಲೈಸೆನ್ಸಿನವರಿಗೂ ಹೋಗಲ್ಲ. ಕೊಟ್ರೆ ನಂಗೇ ಶಿಕ್ಷೆ. ಈ ಸಮೀಕ್ಷೆಯ ಕಾನೂನೇ ಹಾಗಿದೆ.”

“ಹಾಗಾದ್ರೆ ಕರೆಂಟು ತರ್ಸಿಕೊಡ್ತೀಯಾ?”

“ಮಾತು ಕೊಡಲ್ಲ ಅಜ್ಜಿ. ನನ್ನ ಕೈಲಿರೋದು ನಿಜ ಬರೆಯೋದು ಅಷ್ಟೇ.”

ಗಂಡ ಕಚೇರಿಗೆ ಫೋನ್ ಮಾಡಿದ. ಹೆಸರು, ನಂಬರು, ಇವತ್ತಿನ ಬೀದಿ, ಎಲ್ಲ ಸರಿಹೋಯಿತು. ಅತ್ತೆ ಎದ್ದು, ತಂಬಿಗೆ ಕೆಳಗಿಟ್ಟು, ಹೊದಿಕೆಯನ್ನು ಎಳೆದರು. “ಬರ್ಕೋ. ಆರು. ಒಂದು ಸುಟ್ಟಿದೆ, ಅದನ್ನೂ ಬರ್ಕೋ. ಇವರು ಮೂವರೂ ನೆಂಟರಲ್ಲ, ಕೆಲಸದೋರು. ದಾರ ಕತ್ತರಿಸೋಳು ನಾನು. ನನ್ನ ಬಿಟ್ಟೀಯ ಮತ್ತೆ!”

ಒಂದು ಮನೆಯಿಂದ ಎಲ್ಲವೂ ಆಗಲಿಲ್ಲ. ಹೆಂಡತಿ ಮಹಿಳಾ ಸಂಘದ ಸಭೆಯಲ್ಲಿ ಈ ವಿಷಯ ಎತ್ತಿದಳು. ಕೆಲವರು ಬೈದರು, ಕೆಲವರು ಬಾಗಿಲು ತೆರೆದರು. ಮಾತು ಸಂಘದಿಂದ ಸಂಘಕ್ಕೆ ಹರಡಿ, ಸಮೀಕ್ಷೆಯ ಆ ಸುತ್ತಿನಲ್ಲಿ ಚೀಟಿ ಬಿದ್ದ ಬೇರೆ ಬೀದಿಗಳಲ್ಲೂ ಜನ ನಿಜ ಹೇಳಿದರು. ಮುಂದಿನ ಅಂದಾಜಿನಲ್ಲಿ ಚೀಲದ ಕಸುಬು ‘ಕುಗ್ಗುತ್ತಿದೆ’ ಎಂಬುದು ಹೋಗಿ ‘ನಿಧಾನವಾಗಿ ಬೆಳೆಯುತ್ತಿದೆ’ ಎಂದಾಯಿತು. ಎಂಜಿನಿಯರ್ ಆ ಪುಟವನ್ನು ಲಗತ್ತಿಸಿ ಬೀದಿಯ ಅರ್ಜಿಯನ್ನು ಮತ್ತೆ ಮೇಲಕ್ಕೆ ಕಳಿಸಿದರು. ಟ್ರಾನ್ಸ್‌ಫಾರ್ಮರ್ ಬರಲು ಇನ್ನೂ ಒಂದು ವರ್ಷ ಹಿಡಿಯಿತು. ಅಷ್ಟರಲ್ಲಿ ವ್ಯಾಪಾರಿ ಅರ್ಧ ಕೆಲಸವನ್ನು ಬೇರೆ ಊರಿಗೆ ಕೊಟ್ಟಿದ್ದ. ಟೇಪಿನವಳು ಬಟ್ಟೆ ಅಂಗಡಿ ಸೇರಿದ್ದಳು. ಹೋದ ತಿಂಗಳು ಅವಳು ವಾಪಸ್ ಬಂದಿದ್ದಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಭಯ ಸುಳ್ಳಲ್ಲ. ಆದರೆ ಭಯಕ್ಕೆ ಮದ್ದು ವಿಚಾರಿಸುವುದು, ಮುಚ್ಚಿಡುವುದಲ್ಲ. ಸಮೀಕ್ಷೆಯವರು ಬಂದರೆ ಗುರುತಿನ ಚೀಟಿ ಕೇಳಿ, ಕಚೇರಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಉತ್ತರ ಯಾರ ಕೈ ಸೇರುತ್ತದೆ ಎಂದು ಕೇಳುವುದು ನಿಮ್ಮ ಹಕ್ಕು. ಬ್ಯಾಂಕಿನ ಗುಟ್ಟಿನ ಸಂಖ್ಯೆಯನ್ನೋ ಓಟಿಪಿಯನ್ನೋ ಕೇಳುವವರು ಸಮೀಕ್ಷೆಯವರಲ್ಲ. ಅಂಥವರನ್ನು ಹೊರಗೆ ಕಳಿಸಿ. ಬಂದವರು ನಿಜವಾದ ಸಮೀಕ್ಷೆಯವರಾದರೆ ಕೂರಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಮನೆಯಲ್ಲೇ ಮಾಡುವ ಹೆಂಗಸರ ದುಡಿಮೆಯನ್ನು ಮೊದಲು ಹೇಳಿ. ದೇಶದ, ರಾಜ್ಯದ ನಾಳೆಯನ್ನು ಅಂದಾಜು ಮಾಡುವವರಿಗೆ ನಿಮ್ಮ ಇವತ್ತು ಗೊತ್ತಿರಲಿ.

ಹೋದ ಬುಧವಾರ ಮಧ್ಯಾಹ್ನ ಮೂರು ಗಂಟೆಗೆ, ರಿಪೇರಿಯಾದದ್ದೂ ಸೇರಿ ಆರೂ ಮಷಿನ್‌ಗಳ ಮೋಟಾರು ಚಾಲೂ ಇರುವಾಗ, ಆ ಕೋಣೆಯಲ್ಲಿ ಗಂಡ ಮೀಟರ್ ಇಟ್ಟು ಅಳೆದ. ಇನ್ನೂರ ಇಪ್ಪತ್ತಾರು ವೋಲ್ಟ್.