ಫೀಲ್ಡ್ ಪುಸ್ತಕದಲ್ಲಿ ಇನ್ನೊಂದು ಕೈ

ಸರ್ವೇಯರಮ್ಮನಿಗೆ ಮೊದಲು ಅನುಮಾನ ಬಂದದ್ದು ತನ್ನ ಎಡ ಮೊಣಕಾಲಿನ ಮೇಲೆ. ಇಪ್ಪತ್ತೆರಡು ವರ್ಷ ಹೊಲ, ಗುಡ್ಡ, ರಸ್ತೆ ಅಂತ ಅಳೆದುಕೊಂಡು ತಿರುಗಿದ ಕಾಲು ಅದು, ಒಂದು ದಿನವೂ ಕೈಕೊಟ್ಟಿರಲಿಲ್ಲ. ಅಂಥದ್ದು ಒಂದು ಸೋಮವಾರ ಬೆಳಿಗ್ಗೆ ಕುಂಬಳಕಾಯಿಯ ಹಾಗೆ ಊದಿಕೊಂಡು ಕೂತಿತ್ತು. ನೋವು ಅಷ್ಟಾಗಿ ಇರಲಿಲ್ಲ. ಇಷ್ಟು ಊದಿಯೂ ನೋಯದಿರುವುದೇ ಅವಳಿಗೆ ಸರಿಬರಲಿಲ್ಲ.

ಒಬ್ಬ ಡಾಕ್ಟರು ಕೀಲು ಸವೆದಿದೆ ಅಂದರು. ಇನ್ನೊಬ್ಬರು ಸೂಜಿ ಚುಚ್ಚಿ ನೀರು ತೆಗೆದು ಕಳಿಸಿದರು, ವಾರದಲ್ಲಿ ಮತ್ತೆ ತುಂಬಿಕೊಂಡಿತು. ಮೂರನೆಯವರು ಒಬ್ಬ ಡಾಕ್ಟರಮ್ಮ. ಅವರು ಕಾಲು ಮುಟ್ಟುವ ಮೊದಲು ಏನು ಕೆಲಸ ಮಾಡುತ್ತೀರಿ ಅಂತ ಕೇಳಿದರು. ಸರ್ವೇ ಅಂದಾಗ, ಹುಲ್ಲಿನಲ್ಲಿ ಓಡಾಡುತ್ತೀರಾ, ಮೈಮೇಲೆ ಎಲ್ಲಾದರೂ ದುಂಡಗೆ ಕೆಂಪಾಗಿತ್ತಾ ಅಂತ ಕೆದಕಿದರು. ಅವಳಿಗೇನೂ ನೆನಪಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಗಂಡ ಗಂಟಲು ಸರಿಮಾಡಿಕೊಂಡ. ನಾಲ್ಕು ತಿಂಗಳ ಹಿಂದೆ ಮೊಣಕಾಲಿನ ಹಿಂಬದಿಯಲ್ಲಿ ಅಂಗೈಯಗಲದ ಒಂದು ಕೆಂಪು ಬಳೆ ಕಂಡಿತ್ತಂತೆ, ಬೆವರುಸಾಲೆ ಇರಬೇಕು ಅಂದುಕೊಂಡು ಸುಮ್ಮನಾಗಿದ್ದನಂತೆ.

ರಕ್ತ ಪರೀಕ್ಷೆಯಲ್ಲಿ ಲೈಮ್ ಕಾಯಿಲೆ ಅಂತ ಬಂತು. ದನ, ನಾಯಿಗಳ ಮೈಗೆ ಕಚ್ಚಿಕೊಳ್ಳುವ ಉಣ್ಣೆಹುಳದ ಜಾತಿಯದೇ ಒಂದು, ಎಳ್ಳಿನಷ್ಟು ಗಾತ್ರದ್ದು, ಸೊಂಟದೆತ್ತರದ ಹುಲ್ಲಿನಲ್ಲಿ ಅವಳ ಕಾಲಿಗೆ ಅಂಟಿ, ಹೊಟ್ಟೆ ತುಂಬಿಸಿಕೊಂಡು, ಹೇಳದೆ ಕೇಳದೆ ಉದುರಿಹೋಗಿತ್ತು. ಇಪ್ಪತ್ತೆಂಟು ದಿನದ ಮಾತ್ರೆ. ಹೊಟ್ಟೆ ತುಂಬಿದ ಮೇಲೆ ನುಂಗಬೇಕು, ಹಾಲಿನ ಜೊತೆ ಕೂಡದು, ಬಿಸಿಲಿಗೆ ಮೈ ಒಡ್ಡಬಾರದು. ಬಿಸಿಲಲ್ಲೇ ಬದುಕುವವಳಿಗೆ ಬಿಸಿಲು ಬೇಡ ಅಂದರೆ ಹೇಗೆ? ರಜೆ ಹಾಕಿ ಮನೆಯಲ್ಲಿ ಕೂತಳು. ಕಾಲು ಅರ್ಧ ಇಳಿಯಿತು. ಸ್ವಲ್ಪ ದಿನ ಬಿಟ್ಟು ಮತ್ತೆ ಇಪ್ಪತ್ತೆಂಟು ದಿನ ಮಾತ್ರೆ ನುಂಗಿದ ಮೇಲೆ ಮೊಣಕಾಲಿಗೆ ಮೊದಲಿನ ಆಕಾರ ಬಂತು.

ಡಾಕ್ಟರಮ್ಮ ಒಂದು ಮಾತು ಒತ್ತಿ ಹೇಳಿದ್ದರು. ಈ ಕಾಯಿಲೆ ಕೀಲಿನಲ್ಲೇ ಇರುತ್ತದೆ ಅಂತಿಲ್ಲ, ನರಕ್ಕೂ ಹೋಗಬಹುದು, ಹೃದಯಕ್ಕೂ ಹೋಗಬಹುದು. ಮುಖ ಒಂದು ಕಡೆ ಜೋತರೆ, ಎದೆಬಡಿತ ತಪ್ಪಿದರೆ, ಕೈಕಾಲು ಜೋಮು ಹಿಡಿದರೆ, ಮರೆವು ಬಂದರೆ ಬರೆದಿಡಿ, ತಿಂಗಳಿಗೊಮ್ಮೆ ತಂದು ತೋರಿಸಿ. ಸರ್ವೇಯರಮ್ಮ ಗೆರೆ ಹಾಕಿದ ನೋಟುಪುಸ್ತಕ ತಂದು ಬರೆಯತೊಡಗಿದಳು. ಅಳತೆ ಬರೆಯುವುದು ಅವಳಿಗೆ ರಕ್ತದಲ್ಲೇ ಇತ್ತು. ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಎರಡೂ ಹುಬ್ಬು ಎತ್ತಿ ನೋಡುವಳು, ಗಲ್ಲ ಉಬ್ಬಿಸಿ ನೋಡುವಳು, ನಾಡಿ ಎಣಿಸುವಳು. ಭುಜ ಹಿಡಿದುಕೊಂಡರೆ ಕಾಯಿಲೆಯೋ, ದಿಂಬು ಸರಿಯಿರಲಿಲ್ಲವೋ ಅಂತ ಗಂಟೆಗಟ್ಟಲೆ ಯೋಚಿಸುವಳು. ತನ್ನ ಮೈಯನ್ನೇ ಕಳ್ಳನ ಮೇಲೆ ಕಣ್ಣಿಟ್ಟ ಹಾಗೆ ನೋಡುತ್ತಿದ್ದಳು.

ಆದರೆ ಒಂದನ್ನು ಮಾತ್ರ ಬರೆಯಲಿಲ್ಲ. ಕೆಲಸಕ್ಕೆ ಮರಳಿದ ಎರಡನೇ ವಾರ, ಬಯಲಿನಲ್ಲಿ ಟ್ರೈಪಾಡ್ ಬೇಕಾಗಿ ಆ ಪದವೇ ಬಾಯಿಗೆ ಬರಲಿಲ್ಲ. 'ಅದೇ, ಆ ಮೂರು ಕಾಲಿನದು' ಅಂದಳು. ಅಳತೆಕೋಲು ಹಿಡಿಯುವ ಮುದುಕ ತಮಾಷೆ ಅಂದುಕೊಂಡು ನಕ್ಕ. ಅವಳೂ ನಕ್ಕಳು. ಮರೆವಿನ ಸರ್ವೇಯರನ್ನು ಯಾರು ಇಟ್ಟುಕೊಳ್ಳುತ್ತಾರೆ? ನೋಟುಪುಸ್ತಕದಲ್ಲಿ ಆ ದಿನದ ಎದುರಿಗೆ 'ಮೊಣಕಾಲು ಚೆನ್ನಾಗಿದೆ' ಅಂತ ಮಾತ್ರ ಬರೆದಳು, ಮುಂದಿನ ದಿನಗಳಲ್ಲೂ ಹಾಗೇ.

ಅದೇ ದಿನಗಳಲ್ಲಿ ಇನ್ನೊಂದು ಅನುಮಾನ ಶುರುವಾಯಿತು.

ಅವರ ಕಚೇರಿಯಲ್ಲಿ ನಕ್ಷೆ ಬರೆಯುವವನೊಬ್ಬನಿದ್ದ. ಐವತ್ತರ ಆಸುಪಾಸು, ಸಣಕಲು ಮೈ, ಮಾತು ಕಡಿಮೆ. ಶರ್ಟಿನ ಜೇಬಿಗೆ ದಾರ ಕಟ್ಟಿ ರಬ್ಬರು ನೇತುಹಾಕಿಕೊಂಡಿರುತ್ತಿದ್ದ. ಒಂದು ಗೆರೆ ಎಳೆಯಲು ನಾಲ್ಕು ಸಲ ಅಳಿಸುತ್ತಿದ್ದ, ಅಂಥವನ ಜೊತೆ ಅವಸರದ ಕೆಲಸಕ್ಕೆ ಕೂತವರಿಗೆ ಅಳುವೇ ಬರುತ್ತಿತ್ತು. ಎರಡಕ್ಕೂ ಸೇರಿಸಿ ಎಲ್ಲರೂ ಅವನನ್ನು ಅಳಿಸಪ್ಪ ಅನ್ನುತ್ತಿದ್ದರು. ಸರ್ವೇಯರಮ್ಮ ಯಂತ್ರದಲ್ಲಿ ಕಣ್ಣಿಟ್ಟು, ದೂರದಲ್ಲಿ ಮುದುಕ ಹಿಡಿದ ಕೋಲಿನ ಅಂಕಿ ಓದಿ ಫೀಲ್ಡ್ ಪುಸ್ತಕದಲ್ಲಿ ಬರೆಯಬೇಕು, ಅಳಿಸಪ್ಪ ಆ ಪುಸ್ತಕ ನೋಡಿ ನಕ್ಷೆ ಮಾಡಬೇಕು. ಹೀಗೆ ಹನ್ನೊಂದು ವರ್ಷ ನಡೆದುಕೊಂಡು ಬಂದಿತ್ತು. ಅವಳು ರಜೆಯಲ್ಲಿದ್ದಾಗ ಬಯಲಿನ ಕೆಲಸವನ್ನೂ ಅವನೇ ನೋಡಿಕೊಂಡಿದ್ದ. ಸಾಹೇಬರು ಭೇಷ್ ಅಂದಿದ್ದರಂತೆ.

ಒಂದು ಮಧ್ಯಾಹ್ನ ಹಳೆಯ ಪುಟ ತಿರುವುವಾಗ ಅವಳ ಕಣ್ಣು ಒಂದು ಅಂಕಿಯ ಮೇಲೆ ನಿಂತಿತು. 2.63. ಕಾಗದ ಅಲ್ಲಿ ತೆಳುವಾಗಿತ್ತು, ಅಳಿಸಿ ಬರೆದದ್ದು. ಅವಳು ಬರೆಯುವ ಆರಕ್ಕೆ ಹೊಟ್ಟೆ ದಪ್ಪ, ಇದಕ್ಕೆ ಬಾಲ ಉದ್ದ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಆ ಪುಟದಲ್ಲಿ ಮೂರು ಕಡೆ, ಮುಂದಿನ ಪುಟದಲ್ಲಿ ಎರಡು ಕಡೆ ಅದೇ ಬಾಲದ ಆರು, ಅದೇ ಕೊಕ್ಕೆಯ ಮೂರು. ಎದುರಿನ ಮೇಜಿನಲ್ಲಿ ಅಳಿಸಪ್ಪ ತಲೆ ಬಗ್ಗಿಸಿ ಪೆನ್ಸಿಲ್ ಚೂಪು ಮಾಡುತ್ತಿದ್ದ. ಅವಳು ಪುಸ್ತಕ ಮುಚ್ಚಿಟ್ಟು ಏನೂ ಆಗದವಳಂತೆ ನೀರು ಕುಡಿದು ಬಂದಳು.

ಅಂದಿನಿಂದ ಅವಳಿಗೆ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡಂತೆ ಕಾಣತೊಡಗಿತು. ತನ್ನ ಅಂಕಿ ಕೆಡಿಸಿ ತನ್ನನ್ನು ಹೊರಗೆ ಹಾಕಿಸುವ ಹುನ್ನಾರ ಇದು. ಅವಳ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನು ಬೇರೆ ಎರಡು ವಾರದಿಂದ, ಬಯಲಿನ ಕೆಲಸ ಬಿಟ್ಟು ಕೂತು ಮಾಡುವ ಕೆಲಸ ಕೇಳಿಕೋ ಅಂತ ಒಂದೇ ರಾಗ ಎಳೆಯುತ್ತಿದ್ದ. ಒಂದು ದಿನ ಅವನು ಮರೆತ ಕನ್ನಡಕ ಕೊಡಲು ಡಿಪೋಗೆ ಹೋದಳು. ಕ್ಯಾಂಟೀನಿನ ಮೂಲೆಯಲ್ಲಿ ಗಂಡ ಮತ್ತು ಅಳಿಸಪ್ಪ ತಲೆಗೆ ತಲೆ ಕೊಟ್ಟು ಕೂತಿದ್ದರು. ಇವಳನ್ನು ಕಂಡಿದ್ದೇ ಮಾತು ನಿಂತಿತು. ಅಳಿಸಪ್ಪ ಲೋಟದಲ್ಲಿ ಚಹಾ ಅರ್ಧ ಬಿಟ್ಟು ಎದ್ದು ಹೋದ.

ಬಸ್ಸಿನ ಟೈಮ್ ಕೇಳಲು ಬಂದಿದ್ದ ಅಂದ ಗಂಡ.

ಅಳಿಸಪ್ಪನ ಮನೆ ಕಚೇರಿಯಿಂದ ಎರಡು ಬೀದಿ ಆಚೆ. ಅವನು ಬಸ್ಸು ಹತ್ತಿದ್ದನ್ನು ಅವಳು ಕಂಡಿದ್ದೇ ಇಲ್ಲ. ಅವಳು ಹೂಂ ಅಂದು ಕನ್ನಡಕ ಕೊಟ್ಟು ಬಂದಳು. ಆಮೇಲೆ ಗಂಡ ನೀರು ತಂದುಕೊಟ್ಟರೂ ಲೋಟದೊಳಗೆ ಒಮ್ಮೆ ಇಣುಕಿ ಕುಡಿಯುವಂತಾಯಿತು. ತನಗೇ ಅದು ಅತಿ ಅನ್ನಿಸುತ್ತಿತ್ತು, ಆದರೂ ಇಣುಕುತ್ತಿದ್ದಳು.

ಬಾಯಿ ಬಿಟ್ಟು ಕೇಳಿದರೆ ಅಲ್ಲಗಳೆಯುತ್ತಾರೆ, ಸಾಕ್ಷಿ ಬೇಕು. ಅಂಗೈಯಲ್ಲಿ ಅಡಗುವ ಒಂದು ಪಾಕೆಟ್ ಪುಸ್ತಕ ಕೊಂಡಳು. ಹತ್ತು ದಿನ ಪ್ರತಿ ಅಂಕಿಯನ್ನೂ ಎರಡು ಸಲ ಬರೆದಳು, ಯಂತ್ರದಿಂದ ಕಣ್ಣು ತೆಗೆದು ಫೀಲ್ಡ್ ಪುಸ್ತಕದಲ್ಲಿ ಒಮ್ಮೆ, ಮುದುಕನಿಗೆ ಬೆನ್ನು ಮಾಡಿ ಪಾಕೆಟ್ ಪುಸ್ತಕದಲ್ಲಿ ಒಮ್ಮೆ. ಫೀಲ್ಡ್ ಪುಸ್ತಕ ಅಳಿಸಪ್ಪನ ಮೇಜಿಗೆ ಹೋಗಿ ಬಂದಮೇಲೆ ತೆರೆದು ನೋಡಿದರೆ ಹನ್ನೊಂದು ಕಡೆ ಬಾಲದ ಅಂಕಿಗಳು. ಎರಡನ್ನೂ ಪಕ್ಕಪಕ್ಕ ಇಟ್ಟು ಓದುವ ತಾಳ್ಮೆ ಇರಲಿಲ್ಲ. ನೆಟ್ಟಗೆ ಸಾಹೇಬರ ಕೋಣೆಗೆ ನಡೆದಳು.

ಸಾಹೇಬರು ಅಳಿಸಪ್ಪನನ್ನು ಕರೆಸಿದರು. ಸರ್ವೇಯರಮ್ಮ ಮೂರು ತಿಂಗಳಿಂದ ಕಟ್ಟಿಕೊಂಡದ್ದನ್ನೆಲ್ಲ ಹೊರಗೆ ಹಾಕಿದಳು. ಅಳಿಸಿದ್ದು ನೀನೇ ತಾನೇ ಅಂತ ಸಾಹೇಬರು ಕೇಳಿದಾಗ ಅಳಿಸಪ್ಪ ಹೌದು ಅಂದ. ಅಷ್ಟು ಬೇಗ ಒಪ್ಪುತ್ತಾನೆ ಅಂತ ಅವಳು ಎಣಿಸಿರಲಿಲ್ಲ. ಆಮೇಲೆ ಅವನು ಪಾಕೆಟ್ ಪುಸ್ತಕಕ್ಕೆ ಕೈ ಚಾಚಿದ. ಪುಟ ತಿರುವಿ, ಫೀಲ್ಡ್ ಪುಸ್ತಕದ ಪಕ್ಕ ಇಟ್ಟು, ಒಂದು ಸಾಲಿನ ಮೇಲೆ ಬೆರಳಿಟ್ಟ.

"ಮೇಡಂ, ಇಲ್ಲಿ 6.31 ಅಂತ ಬರೆದಿದ್ದೀರಿ. ಎರಡು ಪುಸ್ತಕದಲ್ಲೂ ನಿಮ್ಮದೇ ಅಕ್ಷರ."

"ಹೌದು. ಅದನ್ನೇ ನೀವು 1.36 ಮಾಡಿದ್ದು."

"ನಮ್ಮ ಕೋಲು ಇರೋದೇ ನಾಲ್ಕು ಮೀಟರು ಮೇಡಂ. ಆರನ್ನ ಎಲ್ಲಿಂದ ಓದಿದಿರಿ?"

ಸಾಹೇಬರು ಕುರ್ಚಿ ಹಿಂದಕ್ಕೆ ಸರಿಸಿದರು. ಸರ್ವೇಯರಮ್ಮ ಪುಸ್ತಕ ಎಳೆದುಕೊಂಡು ತಾನೇ ನೋಡಿದಳು. ಮುಂದಿನ ಸಾಲಿನಲ್ಲಿ, ಅಳಿಸಿದ ಗುರುತಿನ ಅಡಿಯಲ್ಲಿ ತನ್ನದು 2.48, ಪಾಕೆಟ್ ಪುಸ್ತಕದಲ್ಲಿ ತನ್ನದೇ 2.84. ಒಂದೇ ಕೋಲು, ಒಂದೇ ನಿಮಿಷ, ಒಂದೇ ಕೈ. ಹನ್ನೊಂದರಲ್ಲಿ ಏಳು ಕಡೆ ತನ್ನ ಅಂಕಿಗೆ ತನ್ನ ಅಂಕಿಯೇ ಹೊಂದುತ್ತಿರಲಿಲ್ಲ. ಕಳ್ಳನಿಗೆ ಒಡ್ಡಿದ ಬಲೆಯಲ್ಲಿ ಅವಳೇ ಸಿಕ್ಕಿಕೊಂಡಿದ್ದಳು.

ಅಳಿಸಪ್ಪ ನಿಧಾನವಾಗಿ, ತಪ್ಪು ಒಪ್ಪಿಕೊಳ್ಳುವವನ ಹಾಗೆ ಹೇಳಿದ. ಅವಳು ರಜೆಯಿಂದ ಮರಳಿದಾಗಿನಿಂದ ಲೆಕ್ಕ ಕೂಡಿಬರುತ್ತಿರಲಿಲ್ಲ. ಎಲ್ಲಿ ತಪ್ಪಿದೆ ಅನ್ನಿಸಿತೋ ಅಲ್ಲಿಗೆ ಸಂಜೆ ಮುದುಕನನ್ನು ಕರೆದುಕೊಂಡು ಹೋಗಿ ಮತ್ತೆ ಅಳೆದು ತಿದ್ದುತ್ತಿದ್ದ. ಕಾಯಿಲೆಯಿಂದ ಈಗಷ್ಟೇ ಎದ್ದುಬಂದವರನ್ನು ನೋಯಿಸುವುದು ಬೇಡ ಅಂತ. ಮನೆಯಲ್ಲೂ ಹೀಗೇನಾ ಅಂತ ತಿಳಿಯಲು ಗಂಡನನ್ನು ಕಂಡಿದ್ದ.

ಅವಳು ಕ್ಷಮೆ ಕೇಳಬೇಕಿತ್ತು. ಬಾಯಿಗೆ ಬಂದದ್ದು ಬೇರೆ. "ನನಗೆ ಒಂದು ಮಾತು ಹೇಳಬಾರದಿತ್ತಾ?" ಅಂದಳು.

ಮನೆಗೆ ಬಂದು ಗಂಡನನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ, ಗೊತ್ತಿರುವುದನ್ನೆಲ್ಲ ಹೇಳು ಅಂತ ಹಟ ಹಿಡಿದಳು. ಅವಳು ಅವನಿಗೆ ಏಕವಚನ ಬಳಸಿದ್ದು ಮದುವೆಯಾದ ಮೇಲೆ ಅದೇ ಮೊದಲು. ಅವನು ತಲೆ ತಗ್ಗಿಸಿ ಒಂದೊಂದಾಗಿ ಹೇಳಿದ. ಬೀಗದಕೈ ಫ್ರಿಜ್ಜಿನಲ್ಲಿ ಸಿಕ್ಕಿದ್ದು, ಅವಳು ಒಲೆ ಹಚ್ಚಿಟ್ಟು ಸ್ನಾನಕ್ಕೆ ಹೋದದ್ದು, ತಂಗಿಗೆ ಒಂದೇ ಸುದ್ದಿ ಹೇಳಲು ಒಂದೇ ಬೆಳಿಗ್ಗೆ ಎರಡು ಸಲ ಫೋನ್ ಮಾಡಿದ್ದು, ನಡೆಯುವಾಗ ಎಡಗಾಲು ಎಳೆಯುವುದು. ಒಲೆ ಆರಿಸಿದ್ದು ಅವನು, ಬೀಗದಕೈ ಮೊಳೆಗೆ ನೇತುಹಾಕಿದ್ದು ಅವನು. ಹೇಳಿದರೆ ನೀನು ಕುಗ್ಗಿಹೋಗುತ್ತೀಯ ಅಂದುಕೊಂಡೆ, ತಾನಾಗಿ ಸರಿಹೋಗುತ್ತೆ ಅಂದುಕೊಂಡೆ ಅಂದ.

"ಆ ಕೆಂಪು ಬಳೆ ನೋಡಿದಾಗಲೂ ಹೀಗೇ ಅಂದುಕೊಂಡಿರಿ," ಅಂದಳು ಅವಳು. ಬಹುವಚನ ತಾನಾಗಿ ವಾಪಸ್ಸು ಬಂದಿತ್ತು. "ನೀವಿಬ್ಬರೂ ಸೇರಿ ನನ್ನನ್ನ ಎಷ್ಟು ಚೆನ್ನಾಗಿ ತಿದ್ದಿದಿರಿ ಅಂದರೆ, ಕಾಯಿಲೆ ನನಗೂ ಕಾಣಲಿಲ್ಲ, ಡಾಕ್ಟರಿಗೂ ಕಾಣಲಿಲ್ಲ."

ಆದರೆ ಆ ಮಾತು ಆಡಿದ ಮೇಲೆ ಅವಳಿಗೇ ಇನ್ನೊಂದು ನೆನಪಾಯಿತು. ನೋಟುಪುಸ್ತಕದಲ್ಲಿ 'ಮೊಣಕಾಲು ಚೆನ್ನಾಗಿದೆ' ಅಂತ ಮೂರು ತಿಂಗಳು ಬರೆದ ಕೈ ಯಾರದು? ಅಳಿಸಪ್ಪ ಅಳಿಸಿದ್ದಾದರೂ ಗುರುತು ಉಳಿದಿತ್ತು. ಅವಳು ಬರೆಯದೇ ಬಿಟ್ಟದ್ದಕ್ಕೆ ಗುರುತೂ ಇರಲಿಲ್ಲ.

ಮರುದಿನ ಅವಳು ಡಾಕ್ಟರಮ್ಮನ ಮುಂದೆ ಟ್ರೈಪಾಡಿನಿಂದ ಹಿಡಿದು ಬೀಗದಕೈವರೆಗೆ ಎಲ್ಲವನ್ನೂ ಒಪ್ಪಿಸಿದಳು. ಪಾಕೆಟ್ ಪುಸ್ತಕವನ್ನೂ ಮೇಜಿನ ಮೇಲಿಟ್ಟಳು. ಅವರು ಬೈಯಲಿಲ್ಲ, ಮುಖ ಮಾತ್ರ ಗಂಭೀರವಾಯಿತು. ಎಡ ಪಾದಕ್ಕೆ ಸೂಜಿ ಮುಟ್ಟಿಸಿ ಗೊತ್ತಾಗುತ್ತಾ ಅಂತ ಕೇಳಿದರು, ಗೊತ್ತಾಗಲಿಲ್ಲ. ಬೆನ್ನುಹುರಿಯ ನೀರು ತೆಗೆಸಿದರು. ಕಾಯಿಲೆ ನರದವರೆಗೆ ಹೋಗಿದೆ ಅಂತ ಗೊತ್ತಾಯಿತು. ಈ ಸಲ ಮಾತ್ರೆ ಸಾಲದು, ನಾಲ್ಕು ವಾರ ದಿನಾ ಬಂದು ಡ್ರಿಪ್ ಹಾಕಿಸಿಕೊಳ್ಳಬೇಕು. ಅದಾದ ಮೇಲೂ ಸುಸ್ತು, ಮರೆವು ತಿಂಗಳುಗಟ್ಟಲೆ ಉಳಿಯಬಹುದು, ಹಾಗಂತ ಔಷಧಿ ಎಳೆದಷ್ಟೂ ಗುಣ ಅಂತಲೂ ಅಲ್ಲ ಅಂತ ಮೊದಲೇ ಹೇಳಿದರು.

ನಾಲ್ಕು ವಾರ ಆಸ್ಪತ್ರೆಯ ಅದೇ ಕಿಟಕಿ, ಅದೇ ಕುರ್ಚಿ. ಮೂರನೇ ದಿನ ಅಳಿಸಪ್ಪ ಬಂದು ಎದುರಿಗೆ ಕೂತ. ಅವಳು ಕ್ಷಮೆ ಕೇಳಿದಳು. ಅವನು ಹಣೆ ಒರೆಸಿಕೊಂಡು, ತಪ್ಪು ತನ್ನದೂ ಇದೆ, ಮೊದಲ ಸಲ ಕಂಡಾಗಲೇ ಹೇಳಬೇಕಿತ್ತು ಅಂದ. ಮುಂದೆ ಏನು ಮಾಡುವುದು ಅಂತ ಇಬ್ಬರೂ ಅಲ್ಲೇ ಮಾತಾಡಿಕೊಂಡರು. ಅವಳು ಓದಿ ಕೂಗಬೇಕು, ಮುದುಕ ಕೋಲು ನೋಡಿ ತಿರುಗಿ ಕೂಗಬೇಕು, ಎರಡೂ ಒಂದಾದರೆ ಮಾತ್ರ ಬರೆಯಬೇಕು. ಅಳಿಸುವುದಿದ್ದರೆ ಅವಳ ಎದುರಿಗೇ.

ಸಾಹೇಬರು ಆರು ತಿಂಗಳು ಅರ್ಧ ದಿನದ ಕೆಲಸ ಬರೆದುಕೊಟ್ಟರು. ಅಂಕಿಗಳು ಮೊದಲು ನೆಟ್ಟಗಾದವು, ಆಮೇಲೆ ಪದಗಳು ಒಂದೊಂದಾಗಿ ಬಂದವು. ಎಡ ಪಾದದ ಜೋಮು ಪೂರ್ತಿ ಹೋಗಲಿಲ್ಲ. ಹೋಗುತ್ತೋ ಇಲ್ಲವೋ ಡಾಕ್ಟರಮ್ಮನೂ ಹೇಳಲಾರರು. ಅನುಮಾನ ಅಂತೂ ಹೋಗಲೇ ಇಲ್ಲ. ಈಗಲೂ ಭುಜ ಹಿಡಿದರೆ, ಹೆಸರು ಮರೆತರೆ, ಒಂದು ಕ್ಷಣ ನಿಂತು ತನ್ನೊಳಗೆ ಕಿವಿಗೊಡುತ್ತಾಳೆ. ಮುಚ್ಚಿಡುವುದನ್ನು ಮಾತ್ರ ಬಿಟ್ಟಿದ್ದಾಳೆ.

ತಿಂಗಳ ತಪಾಸಣೆಗೆ ಈಗ ಗಂಡನೂ ಜೊತೆಗೆ ಒಳಗೆ ಬರಬೇಕು, ಅವನು ಕಂಡದ್ದನ್ನು ಅವಳ ಎದುರಿಗೇ ಹೇಳಬೇಕು ಅಂತ ಡಾಕ್ಟರಮ್ಮನ ಕಟ್ಟಪ್ಪಣೆ. ಮೊನ್ನೆ ಅವನು ಚೀಟಿ ಬಿಚ್ಚಿ, ಮೇಷ್ಟರ ಮುಂದೆ ಪಾಠ ಒಪ್ಪಿಸುವವನ ಹಾಗೆ ಓದಿದ. ಸುಸ್ತು ಕಡಿಮೆ, ನಡಿಗೆ ಪರವಾಗಿಲ್ಲ, ಆದರೆ ಭಾನುವಾರ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದಳು.

ಡಾಕ್ಟರಮ್ಮ ಪೆನ್ನು ಎತ್ತಿಕೊಂಡರು. ಏನು ಪ್ರಶ್ನೆ ಅಂದರು.

"ಸ್ನಾನದ ಮನೆಯ ನಲ್ಲಿ ಯಾವಾಗ ರಿಪೇರಿ ಮಾಡ್ತೀರಿ ಅಂತ," ಅಂದಳು ಸರ್ವೇಯರಮ್ಮ. "ಮೂರು ಸಲ ಕೇಳಿದ್ದು ನಿಜ. ಎರಡು ಸಲ ಇವರು ಪೇಪರಿನಿಂದ ತಲೆಯೇ ಎತ್ತಲಿಲ್ಲ."

ಡಾಕ್ಟರಮ್ಮ ಗಂಡನ ಮುಖ ನೋಡಿದರು. ಅವನು ಚೀಟಿ ನೋಡುತ್ತಾ ಕೂತ. ಅವರು ಆಗಲೇ ಬರೆದಿದ್ದ ಅರ್ಧ ಸಾಲನ್ನು ಹೊಡೆದುಹಾಕಿ, ಮುಂದಿನದು ಹೇಳಿ ಅಂದರು.